ಕೊಳಕುಮಂಡಲ ಕಚ್ಚಿದವರ ಮೂತ್ರದ ಮೇಲೂ ಕಣ್ಣಿರಲಿ

ಕೊಳಕುಮಂಡಲ ಹಾವು ಕಚ್ಚಿದರೆ ಮನೆಯವರ ಕಣ್ಣೆಲ್ಲ ಕಾಲಿನ ಬಾವಿನ ಮೇಲೆ. ಆದರೆ ಪ್ರಾಣಕ್ಕೆ ಕುತ್ತು ಬರುವುದು ಹೆಚ್ಚಾಗಿ ರಕ್ತ ಮತ್ತು ಮೂತ್ರಪಿಂಡಗಳು ಕೆಟ್ಟು.

ಈ ವಿಷದ ಕಿಣ್ವಗಳು ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ 5 ಮತ್ತು 10 ಎಂಬ ಪ್ರೋಟೀನುಗಳನ್ನು ಕೆರಳಿಸುತ್ತವೆ. ರಕ್ತನಾಳಗಳೊಳಗೆ ಸಣ್ಣ ಸಣ್ಣ ಹೆಪ್ಪುಗಳಾಗುತ್ತ, ಅದಕ್ಕೆ ಬೇಕಾದ ಫೈಬ್ರಿನೋಜನ್ ಎಂಬ ಪ್ರೋಟೀನ್ ಕೆಲವೇ ಗಂಟೆಗಳಲ್ಲಿ ಖಾಲಿಯಾಗುತ್ತದೆ. ಆಮೇಲೆ ವಸಡಿನಲ್ಲಿ, ಸೂಜಿ ಚುಚ್ಚಿದಲ್ಲಿ ರಕ್ತ ನಿಲ್ಲದೆ ಜಿನುಗುತ್ತದೆ; ಮಿದುಳಿನಲ್ಲೂ ರಕ್ತಸ್ರಾವ ಆಗಬಹುದು.

ಇದನ್ನು ಪತ್ತೆಹಚ್ಚಲು ದೊಡ್ಡ ಪ್ರಯೋಗಾಲಯವೇ ಬೇಕೆಂದಿಲ್ಲ. ರಕ್ತನಾಳದಿಂದ ಆಗಷ್ಟೇ ತೆಗೆದ 2 ಮಿ.ಲೀ. ರಕ್ತವನ್ನು ಒಣಗಿದ, ಶುಭ್ರವಾದ ಗಾಜಿನ ಪ್ರನಾಳದಲ್ಲಿ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟು, ಒಮ್ಮೆ ವಾಲಿಸಿ ನೋಡುತ್ತಾರೆ. ರಕ್ತ ಇನ್ನೂ ನೀರಿನಂತೆ ಹರಿದರೆ ವಿಷ ಏರಿದೆ ಎಂದೇ ಅರ್ಥ. ಪ್ರನಾಳ ಪ್ಲಾಸ್ಟಿಕ್ಕಿನದಾಗಿದ್ದರೆ, ಅಥವಾ ಸೋಪಿನ ಪುಡಿಯಲ್ಲಿ ತೊಳೆದದ್ದಾಗಿದ್ದರೆ, ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ದಾರಿ ತಪ್ಪಿಸುತ್ತದೆ.

ರಕ್ತ ಹೆಪ್ಪುಗಟ್ಟದಿದ್ದರೆ ಪ್ರತಿವಿಷ: ಸಾಮಾನ್ಯವಾಗಿ ಮೊದಲಿಗೆ 8–10 ಬಾಟಲಿ, ಸಲೈನ್‌ನಲ್ಲಿ ಬೆರೆಸಿ ಸುಮಾರು ಒಂದು ಗಂಟೆಯಲ್ಲಿ. ಮಕ್ಕಳಿಗೂ ಅಷ್ಟೇ, ಏಕೆಂದರೆ ಹಾವು ಮಗು ಎಂದು ಕಡಿಮೆ ವಿಷ ಬಿಡುವುದಿಲ್ಲ. ಅಲರ್ಜಿ ಬಂದರೆ ಕೊಡಲು ಅಡ್ರಿನಲಿನ್ ಪಕ್ಕದಲ್ಲೇ ಸಿದ್ಧವಿರಬೇಕು. ರಕ್ತಪರೀಕ್ಷೆ ಮತ್ತೆ ಮಾಡುವುದು 6 ಗಂಟೆಗಳ ನಂತರ. ಯಕೃತ್ತು ಹೊಸ ಹೆಪ್ಪುಗಾರಕಗಳನ್ನು ತಯಾರಿಸಲು ಅಷ್ಟು ಹೊತ್ತು ಬೇಕು. ಆಗಲೂ ಹೆಪ್ಪುಗಟ್ಟದಿದ್ದರೆ ಇನ್ನೊಂದು ಸುತ್ತು ಪ್ರತಿವಿಷ.

ಇಷ್ಟರಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿರಬಹುದು. ಸೂಕ್ಷ್ಮ ಹೆಪ್ಪುಗಳು ಅದರ ನಾಳಗಳನ್ನು ಕಟ್ಟುತ್ತವೆ, ರಕ್ತದೊತ್ತಡ ಕುಸಿಯುತ್ತದೆ, ಒಡೆದ ಕೆಂಪುಕಣಗಳ ಹಿಮೋಗ್ಲೋಬಿನ್ ಮೂತ್ರ ಹರಿಯುವ ಸೂಕ್ಷ್ಮ ನಳಿಕೆಗಳಲ್ಲಿ ತುಂಬುತ್ತದೆ, ವಿಷವೂ ನೇರವಾಗಿ ಹಾನಿ ಮಾಡುತ್ತದೆ. ಮೂತ್ರ ಕಂದು ಬಣ್ಣಕ್ಕೆ ತಿರುಗುವುದು, ದಿನಕ್ಕೆ 400 ಮಿ.ಲೀ.ಗಿಂತ ಕಡಿಮೆಯಾಗುವುದು ಇದರ ಲಕ್ಷಣ. ಕಣ್ಣಂದಾಜು ಬೇಡ, ಅಳತೆಯ ಪಾತ್ರೆಯಲ್ಲಿ ಹಿಡಿದು ಗಂಟೆಯೊಂದಿಗೆ ಬರೆದಿಡಿ. ಕಟ್ಟಿಕೊಂಡ ಮೂತ್ರಪಿಂಡವನ್ನು ಪ್ರತಿವಿಷ ಸರಿಪಡಿಸಲಾರದು. ಅದಕ್ಕೆ ಡಯಾಲಿಸಿಸ್ಸೇ ಬೇಕಾಗಬಹುದು. ನಳಿಕೆಗಳಷ್ಟೇ ಹಾಳಾಗಿದ್ದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಚೇತರಿಕೆ ಕಾಣುತ್ತದೆ. ಮೂತ್ರಪಿಂಡದ ಹೊರಪದರವೇ ಸತ್ತರೆ ಪೂರ್ತಿ ವಾಸಿಯಾಗುವುದು ಅಪರೂಪ.

ನೋವಿಗೆಂದು ಡೈಕ್ಲೋಫೆನಾಕ್ ಕೊಡಿಸುವುದು ದೊಡ್ಡ ತಪ್ಪು. ಅದು ಮೂತ್ರಪಿಂಡಕ್ಕೂ ಕೆಟ್ಟದ್ದು, ರಕ್ತಸ್ರಾವವನ್ನೂ ಹೆಚ್ಚಿಸುತ್ತದೆ. ಬಿಗಿಯಾಗಿ ಹಗ್ಗ ಕಟ್ಟುವುದು, ಗಾಯ ಕೊಯ್ಯುವುದು ಕೂಡ ಹಾನಿಯೇ. ಕಾಲು ಅಲುಗದಂತೆ ಪಟ್ಟಿ ಇಟ್ಟು ಕಟ್ಟಿ, ನಡೆಸದೆ ಕರೆದೊಯ್ಯಿರಿ.

ಆಸ್ಪತ್ರೆಯಿಂದ ಬಿಟ್ಟ ಮೇಲೂ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸುತ್ತಿರಬೇಕು. ಕೆಲವರಲ್ಲಿ ಮಿದುಳಿನ ಬುಡದಲ್ಲಿದ್ದು ಹಾರ್ಮೋನುಗಳನ್ನು ನಿಯಂತ್ರಿಸುವ ಪಿಟ್ಯುಟರಿ ಗ್ರಂಥಿಯೂ ಹಾನಿಗೊಂಡು, ತಿಂಗಳುಗಳ ನಂತರ ವಿಪರೀತ ಸುಸ್ತು, ಚಳಿ ತಡೆಯಲಾಗದಿರುವುದು, ಮುಟ್ಟು ನಿಲ್ಲುವುದು ಕಾಣಿಸಿಕೊಳ್ಳುತ್ತವೆ. ವೈದ್ಯರಿಗೆ ಆಗ ಹಳೆಯ ಹಾವು ಕಡಿತದ ವಿಷಯ ಹೇಳಿದರೆ ಥೈರಾಯ್ಡ್, ಕಾರ್ಟಿಸಾಲ್ ಹಾರ್ಮೋನುಗಳ ಪರೀಕ್ಷೆ ಮಾಡಿಸುತ್ತಾರೆ.