ಟೈಗರ್ ಮಾದರಿ: ಬಣ್ಣಕ್ಕೆ ಮೊದಲು ತಿಂಗಳು

ಎರಡನೇ ಮಹಾಯುದ್ಧದ ಜರ್ಮನ್ ಟ್ಯಾಂಕ್ ಟೈಗರ್-1ರ 1/35 ಅಳತೆಯ ಪ್ಲಾಸ್ಟಿಕ್ ಮಾದರಿಯ ಕಿಟ್ ತೆರೆದಾಗ ಮೊದಲು ಗೊತ್ತುಮಾಡಿಕೊಳ್ಳಬೇಕಾದದ್ದು ಬಣ್ಣವನ್ನಲ್ಲ, ಆ ಟ್ಯಾಂಕ್ ತಯಾರಾದ ತಿಂಗಳನ್ನು. ಕಾಸೆಲ್‌ನ ಹೆನ್ಶೆಲ್ ಕಾರ್ಖಾನೆ ಈ ಟ್ಯಾಂಕನ್ನು 1942ರ ಆಗಸ್ಟ್‌ನಿಂದ 1944ರ ಆಗಸ್ಟ್‌ವರೆಗೆ ತಯಾರಿಸಿತು. ಅಷ್ಟರಲ್ಲೇ ಫಿರಂಗಿ ಹೊತ್ತ ಗೋಪುರ, ಚಕ್ರ, ಲೇಪ ಎಲ್ಲವೂ ಬದಲಾದವು. 1943ರ ಫೆಬ್ರವರಿ 18ರ ಆದೇಶದಿಂದ ಮೂಲಬಣ್ಣ ಕಡುಬೂದು ಹೋಗಿ ಕಡುಹಳದಿಯಾಯಿತು. ಅಯಸ್ಕಾಂತದ ಬಾಂಬು ಕಚ್ಚಿಕೊಳ್ಳದಿರಲೆಂದು ಬಳಿದ ಜಿಮ್ಮೆರಿಟ್ ಲೇಪ ಬಂದದ್ದು ಆ ವರ್ಷದ ಉತ್ತರಾರ್ಧದಲ್ಲಿ. ರಬ್ಬರ್ ಅಂಚಿನ ಚಕ್ರಗಳ ಬದಲು ಉಕ್ಕಿನವು ಬಂದದ್ದು 1944ರ ಆರಂಭದಲ್ಲಿ. ಕಾರ್ಖಾನೆಯ ಬೂದು ಟೈಗರ್‌ಗೆ ಜಿಮ್ಮೆರಿಟ್ ಬಳಿದರೆ, ಕೈಕೆಲಸ ಎಷ್ಟು ನಾಜೂಕಾಗಿದ್ದರೂ ಮಾದರಿ ಸುಳ್ಳಾಗುತ್ತದೆ.

1943ರ ನವೆಂಬರ್‌ನ ಟೈಗರ್ ಆರಿಸಿಕೊಂಡಿದ್ದೀರಿ ಅನ್ನೋಣ. ರಬ್ಬರ್ ಚಕ್ರ, ಜಿಮ್ಮೆರಿಟ್, ಮೂರು ಬಣ್ಣ: ಕಡುಹಳದಿಯ ಮೇಲೆ ಹಸಿರು, ಕೆಂಗಂದು. ಒಂದೊಂದು ಪಕ್ಕಕ್ಕೆ 24 ಚಕ್ರ, ಒಂದರ ಸಂದಿನಲ್ಲಿ ಇನ್ನೊಂದು. ಜೋಡಿಸಿದ ಮೇಲೆ ಒಳಸಾಲಿಗೆ ಕುಂಚ ತಲುಪುವುದೇ ಇಲ್ಲ. ಆದ್ದರಿಂದ ಚಕ್ರಗಳನ್ನು ಬಿಡಿಯಾಗಿಯೇ ಬಳಿದು, ಒಣಗಿಸಿ, ಒಳಗಿನಿಂದ ಹೊರಕ್ಕೆ ಕೂರಿಸಬೇಕು.

ಜಿಮ್ಮೆರಿಟ್‌ಗೆ ಎರಡು ಭಾಗದ ಎಪಾಕ್ಸಿ ಪುಟ್ಟಿಯನ್ನು ಸಮಪ್ರಮಾಣದಲ್ಲಿ ಕಲಸಿ, ಒದ್ದೆ ಬೆರಳಿನಿಂದ ತೆಳ್ಳಗೆ ಹರಡಿ, ನೀರಿನಲ್ಲಿ ಅದ್ದಿದ ಚಪ್ಪಟೆ ಉಪಕರಣದಿಂದ ಅಡ್ಡಗೆರೆ ಒತ್ತಿ. ನಿಜವಾದ ಲೇಪ ಕೆಲವೇ ಮಿಲಿಮೀಟರ್ ದಪ್ಪವಿತ್ತು; ಈ ಅಳತೆಯಲ್ಲಿ 0.2 ಮಿ.ಮೀ. ದಾಟಿದರೆ ಗಾರೆ ಮೆತ್ತಿದಂತೆ ಕಾಣುತ್ತದೆ. ಗೋಪುರದ ಚಾವಣಿಗೆ ಬೇಡ.

ಇನ್ನು ಮರೆವೇಷದ ಬಣ್ಣ. ಹಸಿರು, ಕೆಂಗಂದು ಎರಡೂ ಸೇನಾ ತುಕಡಿಗಳಿಗೆ ಪೇಸ್ಟ್ ರೂಪದಲ್ಲಿ ಸಿಗುತ್ತಿದ್ದವು. ಸೈನಿಕರು ಪೆಟ್ರೋಲನ್ನೋ ನೀರನ್ನೋ ಬೆರೆಸಿ ಸಿಂಪಡಿಸುತ್ತಿದ್ದರು. ಆದ್ದರಿಂದ ಒಂದೇ ದಳದ ಎರಡು ಟ್ಯಾಂಕುಗಳ ಹಸಿರು ಒಂದೇ ಆಗಿರಬೇಕಿಲ್ಲ. ಛಾಯೆಯ ಬಗ್ಗೆ ಜಗಳವಾಡುವುದಕ್ಕಿಂತ ಪಟ್ಟೆಗಳ ಅಂಚಿನ ಕಡೆ ಗಮನ ಕೊಡುವುದು ಮೇಲು. 0.3 ಮಿ.ಮೀ. ನಾಜಲ್‌ನ ಏರ್‌ಬ್ರಷ್‌ನಲ್ಲಿ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಣ್ಣ ಉಪಕರಣ) ಒಂದು ಪಾಲು ಅಕ್ರಿಲಿಕ್ ಬಣ್ಣಕ್ಕೆ ಸುಮಾರು ಎರಡು ಪಾಲು ಥಿನ್ನರ್, ಅಂದರೆ ಬಣ್ಣ ತೆಳುಮಾಡುವ ದ್ರವ, ಹಾಕಿ, ಒತ್ತಡ 10–12 ಪಿಎಸ್‌ಐಗೆ ಇಳಿಸಿ, 2–3 ಸೆಂ.ಮೀ. ದೂರದಿಂದ ಹಿಡಿದರೆ ಅಂಚು ಸಣ್ಣದಾಗಿ ಬರುತ್ತದೆ. ದೂರ ಹೆಚ್ಚಾದರೆ ಹನಿಗಳು ಗಾಳಿಯಲ್ಲೇ ಒಣಗಿ ಮೇಲ್ಮೈ ಮರಳುಮರಳಾಗುತ್ತದೆ. ಒತ್ತಡ ಹೆಚ್ಚಾದರೆ ತೆಳುಬಣ್ಣ ಜೇಡನ ಕಾಲಿನಂತೆ ಚದುರುತ್ತದೆ. ಮೊದಲು ಹಳೆಯ ಪ್ಲಾಸ್ಟಿಕ್ ತುಂಡಿನ ಮೇಲೆ ಗೆರೆ ಎಳೆದು ನೋಡಿ. ಅಕ್ರಿಲಿಕ್ ಬದಲು ಲ್ಯಾಕರ್ ಬಣ್ಣ ಬಳಸಿದರೆ, ಮಳೆಗಾಲದ ಮಂಗಳೂರಿನಂಥ ಊರಲ್ಲಿ ಅದು ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಬಣ್ಣ ಬಿಳಿಚುತ್ತದೆ. ತೇವ ಕಡಿಮೆಯಿರುವ ಹೊತ್ತು ಕಾಯಬೇಕು, ಇಲ್ಲವೇ ನಿಧಾನಕ್ಕೆ ಆರುವ ಥಿನ್ನರ್ ಬೆರೆಸಬೇಕು.

ಕೊನೆಗೆ ಎನಾಮಲ್ ವಾಶ್, ಅಂದರೆ ಥಿನ್ನರ್‌ನಲ್ಲಿ ತುಂಬ ತೆಳುಮಾಡಿದ ಎನಾಮಲ್ ಬಣ್ಣ. ಅಕ್ರಿಲಿಕ್ ಹೊಳಪು ವಾರ್ನಿಶ್ ಬಳಿದು ಒಂದು ದಿನ ಬಿಟ್ಟು, ಸಂದು ಮತ್ತು ಬೋಲ್ಟ್‌ಗಳ ಬುಡಕ್ಕೆ ಮಾತ್ರ ಕುಂಚದ ತುದಿಯಿಂದ ಮುಟ್ಟಿಸಿ. ಮ್ಯಾಟ್ ಬಣ್ಣದ ಮೇಲೆ ನೇರವಾಗಿ ಹಾಕಿದರೆ ಹರಡಿ ಕಲೆ ಕಟ್ಟುತ್ತದೆ. ಅದಕ್ಕಿಂತ ದೊಡ್ಡ ಅಪಾಯ, ವಾಶ್‌ನ ಥಿನ್ನರ್ ಕೆಳಗೆ ಹರಿದು ಪ್ರೈಮರ್ (ಬಣ್ಣಕ್ಕೆ ಮೊದಲಿನ ಅಡಿಲೇಪ) ಇಲ್ಲದ ಚಕ್ರದ ಅಚ್ಚುಗಳ ಬುಡದಲ್ಲಿ ನಿಲ್ಲುವುದು. ಬಲವಂತವಾಗಿ ಬಗ್ಗಿಸಿ ಅಂಟಿಸಿದ ಪ್ಲಾಸ್ಟಿಕ್ ಅಲ್ಲಿ ಬಿರುಕುಬಿಟ್ಟು ಮುರಿಯುತ್ತದೆ. ಅಚ್ಚು ಸಲೀಸಾಗಿ ಕೂರುವವರೆಗೆ ಅರದಿಂದ ಉಜ್ಜಿ, ಹೊಟ್ಟೆಯ ಭಾಗಕ್ಕೂ ಪ್ರೈಮರ್ ಹೊಡೆದು, ನಿಂತ ದ್ರವವನ್ನು ಒಣ ಕುಂಚದಿಂದ ತಕ್ಷಣ ಹೀರಿಸಿಬಿಡಿ.