ಪೆರುನಾಳ್ ದಿನ ಪಕ್ಕದ ಮನೆಯವರಿಗೆ ಏನು ಹೇಳಬೇಕು?

ಪ್ರಶ್ನೆ: ವರ್ಗಾವಣೆಯಾಗಿ ವಿರಾಜಪೇಟೆಗೆ ಬಂದಿದ್ದೇವೆ. ಪಕ್ಕದ ಮನೆಯ ಮುಸ್ಲಿಮರು ರಂಜಾನ್ ಹಬ್ಬಕ್ಕೆ ‘ಚೆರಿಯ ಪೆರುನಾಳ್’ ಅಂತಾರೆ. ಅವರಿಗೆ ‘ಈದ್ ಮುಬಾರಕ್’ ಅಂದರೆ ಸರಿನಾ? ಅದರ ಅರ್ಥ ಏನು?

ಖಂಡಿತ ಸರಿ. ಚೆರಿಯ ಪೆರುನಾಳ್ ಅಂದರೆ ಮಲಯಾಳದಲ್ಲಿ ಚಿಕ್ಕ ಹಬ್ಬ, ಅಂದರೆ ಈದುಲ್ ಫಿತ್ರ್. ಬಕ್ರೀದ್ ಅವರಿಗೆ ವಲಿಯ ಪೆರುನಾಳ್, ದೊಡ್ಡ ಹಬ್ಬ. ಕೊಡಗಿನಲ್ಲಿ ಮಲಯಾಳ ಮಾತಾಡುವ ಮುಸ್ಲಿಮರಿದ್ದಾರೆ, ಉರ್ದು ಮನೆಗಳಿವೆ, ಕೊಡವ ತಕ್ಕ್ ಆಡುವ ಕೊಡವ ಮಾಪಿಳ್ಳೆಗಳೂ ಇದ್ದಾರೆ. ಮನೆಮಾತು ಯಾವುದಾದರೂ ‘ಈದ್ ಮುಬಾರಕ್’ ಎಲ್ಲ ಕಡೆ ನಡೆಯುತ್ತದೆ. ‘ಹಬ್ಬದ ಶುಭಾಶಯ’ ಅಂದರೂ ಅಷ್ಟೇ ಖುಷಿ.

ಈದ್ ಅರಬಿ ಪದ. ಮರಳಿ ಮರಳಿ ಬರುವ ದಿನ ಎಂದು ಅದನ್ನು ಬಿಡಿಸಿ ಹೇಳುತ್ತಾರೆ. ಮುಬಾರಕ್ ಇನ್ನೂ ಹತ್ತಿರದ ಮಾತು. ‘ಈ ದುಡ್ಡಿಗೆ ಬರ್ಕತ್ತೇ ಇಲ್ಲ’ ಅಂತೀವಲ್ಲ, ಆ ಬರ್ಕತ್ತಿನ ಮೂಲವೇ ಇದಕ್ಕೂ. ಹಾಗಾಗಿ ಈದ್ ಮುಬಾರಕ್ ಅಂದರೆ ‘ಈ ಹಬ್ಬ ನಿಮಗೆ ಬರ್ಕತ್ತು ತರಲಿ’ ಎಂಬ ಹಾರೈಕೆ. ಸುಮ್ನೆ ಖುಷಿಯಾಗಿರಿ ಅನ್ನುವುದಕ್ಕಿಂತ ಇದು ಜಾಸ್ತಿ.

ಎಷ್ಟು ಜಾಸ್ತಿ ಅಂತ ನನಗೆ ಅರ್ಥವಾಗಿದ್ದು ಚಿಕ್ಕವನಿದ್ದಾಗ, ಪಕ್ಕದ ಮನೆಯ ಜಗಲಿಯಲ್ಲಿ. ಹಬ್ಬದ ಹಿಂದಿನ ಸಂಜೆ. ಆ ಮನೆಯ ಉಮ್ಮ, ಅಂದರೆ ಅಮ್ಮ, ಚಾಪೆ ಹಾಸಿ ಕೂತು ಅಕ್ಕಿ ಅಳೆಯುತ್ತಿದ್ದರು. ಮನೆಯ ಒಬ್ಬೊಬ್ಬರ ಹೆಸರು ಹೇಳಿ ಒಂದೊಂದು ಪಾಲು. ಕೊನೆಗೆ ತೊಟ್ಟಿಲಲ್ಲಿದ್ದ ಮೊಮ್ಮಗಳ ಹೆಸರಿಗೂ ಒಂದು ಪಾಲು ಬಂತು. ‘ಪಾಪು ಉಪವಾಸ ಮಾಡಿಲ್ವಲ್ಲ?’ ಅಂತ ಕೇಳಿದೆ. ‘ಮಾಡದಿದ್ರೂ ಅವಳ ಪಾಲು ಕೊಡಬೇಕು ಮೋನೆ (ಮಗನೇ), ನಾಳೆ ಯಾರೂ ಹಸಿದಿರಬಾರದು’ ಅಂದರು.

ಇದಕ್ಕೆ ಫಿತ್ರ್ ಝಕಾತ್ ಅಂತಾರೆ. ಫಿತ್ರ್ ಅಂದರೆ ಉಪವಾಸ ಬಿಡುವುದು, ಝಕಾತ್ ಅಂದರೆ ಕೊಡಲೇಬೇಕಾದ ದಾನ. ತಲೆಗೆ ಒಂದು ‘ಸಾಅ್’ ಅನ್ನುವ ಅರಬ್ ಅಳತೆಯ ಲೆಕ್ಕ, ಅಂದಾಜು ಎರಡೂವರೆಯಿಂದ ಮೂರು ಕೆ.ಜಿ. ಆಯಾ ಊರಿನ ಮುಖ್ಯ ಧಾನ್ಯ, ನಮ್ಮಲ್ಲಿ ಅಕ್ಕಿ. ಅದು ಈದ್ ನಮಾಜಿಗೆ ಮೊದಲೇ ಬಡವರ ಮನೆ ಸೇರಬೇಕು. ಅಂದರೆ ಊರಲ್ಲಿ ಈದ್ ಮುಬಾರಕ್ ಕೇಳಿಸುವ ಹೊತ್ತಿಗೆ ಪಕ್ಕದ ಬಡವನ ಒಲೆ ಹತ್ತಿರಬೇಕು. ನನ್ನ ಮಟ್ಟಿಗೆ ಆ ಎರಡು ಪದಗಳ ತೂಕ ಇರುವುದೇ ಅಲ್ಲಿ.

ದಿನ ಮಾತ್ರ ಕೇಳಿಕೊಂಡು ಹೇಳಿ. ಚಂದ್ರ ಕಂಡ ಮೇಲೆ ಹಬ್ಬ. ಕೊಡಗಿನಲ್ಲಿ ಕೇರಳದ ಲೆಕ್ಕ ಹಿಡಿಯುವ ಮನೆಗಳೂ ಇವೆ. 2024ರಲ್ಲಿ ಕೇರಳದಲ್ಲಿ ಏಪ್ರಿಲ್ 10ಕ್ಕೆ ಹಬ್ಬ, ದೇಶದ ಹೆಚ್ಚಿನ ಕಡೆ 11ಕ್ಕೆ. ಚಾಂದ್ರಮಾನ ವರ್ಷ ಚಿಕ್ಕದು, ಹಾಗಾಗಿ ಹಬ್ಬ ವರ್ಷ ವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತದೆ. 2025ರಲ್ಲಿ ಮಾರ್ಚ್ 31ಕ್ಕೆ, ಕಾಫಿ ಹೂ ಬಿಡುವ ಕಾಲಕ್ಕೇ ಬಂದಿತ್ತು. ಹೊಸ ಬಟ್ಟೆ ಹಾಕಿಕೊಂಡು ಪಳ್ಳಿಗೆ (ಮಸೀದಿಗೆ) ಹೊರಟ ಮಕ್ಕಳ ಅತ್ತರಿನ ಜೊತೆ ತೋಟದ ಹೂವಿನ ಘಮ ಬೆರೆಯುವುದು ಎಲ್ಲ ವರ್ಷ ಸಿಗುವುದಿಲ್ಲ.

ಬಕ್ರೀದಿಗೂ ಇದೇ ಮಾತು ನಡೆಯುತ್ತದೆ. ಮೊಹರಂಗೆ ಬೇಡ. ಕರ್ಬಲಾದಲ್ಲಿ ಇಮಾಮ್ ಹುಸೇನ್ ಮಡಿದ ನೆನಪಿನ ದಿನಗಳವು, ಅನೇಕರಿಗೆ ಶೋಕದ ಹೊತ್ತು.

ನೀವು ಈದ್ ಮುಬಾರಕ್ ಅಂದರೆ ಉರ್ದು ಮನೆಯವರು ‘ಖೈರ್ ಮುಬಾರಕ್’ ಅನ್ನಬಹುದು. ಗಂಡಸರು ಗಂಡಸರನ್ನು, ಹೆಂಗಸರು ಹೆಂಗಸರನ್ನು ಅಪ್ಪಿಕೊಳ್ಳುತ್ತಾರೆ. ನಿಮಗೆ ಸಂಕೋಚವಾದರೆ ಎದೆ ಮೇಲೆ ಕೈ ಇಟ್ಟು ಹೇಳಿದರೂ ಸಾಕು.

ಆದರೆ ‘ಊಟ ಆಯ್ತು’ ಅಂತ ಬಾಗಿಲಲ್ಲೇ ನಿಲ್ಲಬೇಡಿ. ಒಳಗೆ ಹೋಗಿ ಕೂತು ಒಂದು ಪತ್ತಿರಿಯಾದರೂ (ಅಕ್ಕಿಹಿಟ್ಟಿನ ರೊಟ್ಟಿ) ತಿನ್ನಿ. ಸಂಜೆ ತೂಕುಪಾತ್ರೆಯಲ್ಲಿ (ಹಿಡಿಯಿರುವ ಮುಚ್ಚಳದ ಪಾತ್ರೆ) ನೈಚೋರು, ಅಂದರೆ ತುಪ್ಪದನ್ನ, ಬಂದೇ ಬರುತ್ತದೆ. ಪಾತ್ರೆ ವಾಪಸ್ ಕೊಡುವಾಗ ನಮ್ಮಮ್ಮ ಅದರಲ್ಲಿ ನಾಲ್ಕು ಬಾಳೆಹಣ್ಣು ಇಡುತ್ತಿದ್ದರು.