ಕೋಟೆ ಗೋಡೆಯ ಹೊರಗೆ ಸ್ನಾನದ ಮನೆ ಏಕೆ?

ಓದುಗರ ಪ್ರಶ್ನೆ: ರೋಮನ್ನರ ಗಡಿಕೋಟೆಗಳ ನಕ್ಷೆಯಲ್ಲಿ ಸೈನಿಕರ ಸ್ನಾನದ ಮನೆ ಸಾಮಾನ್ಯವಾಗಿ ಕೋಟೆಯ ಹೊರಗೇ ಇರುತ್ತದೆ. ಮೈಮೇಲೆ ಬಟ್ಟೆಯೂ ಇಲ್ಲದ ಹೊತ್ತಿನಲ್ಲಿ ಶತ್ರು ನುಗ್ಗಿದರೆ ಗತಿಯೇನು?

ಹೊರಗಿನ ಶತ್ರುವಿಗಿಂತ ಕೋಟೆಯೊಳಗಿನ ಬೆಂಕಿಗೆ ಅವರು ಹೆಚ್ಚು ಹೆದರುತ್ತಿದ್ದರು. ಉತ್ತರದ ಮುಖ್ಯ ಭಾಗ ಇಷ್ಟೇ. ಆದರೆ ಇದು ಬಾಯಿಮಾತಿನ ಊಹೆಯಲ್ಲ, ಕಲ್ಲಿನಲ್ಲೇ ಸಾಕ್ಷ್ಯವಿದೆ.

ಇಂಗ್ಲೆಂಡಿನ ಉತ್ತರ ಭಾಗದಲ್ಲಿ, ರೋಮನ್ನರು ಗಡಿಯಾಗಿ ಕಟ್ಟಿದ ಹೇಡ್ರಿಯನ್ ಗೋಡೆಯ ಸಾಲಿನಲ್ಲಿರುವ ಚೆಸ್ಟರ್ಸ್ ಕೋಟೆಯನ್ನೇ ನೋಡೋಣ. ಸುಮಾರು 500 ಕುದುರೆ ಸವಾರರ ದಳಕ್ಕಾಗಿ ಕಟ್ಟಿದ ಕೋಟೆ ಅದು. ಕೋಟೆಗೂ ಉತ್ತರ ಟೈನ್ ನದಿಗೂ ನಡುವಿನ ಇಳಿಜಾರಿನಲ್ಲಿದ್ದ ಸ್ನಾನದ ಮನೆಯನ್ನು, ಆ ಜಮೀನಿನ ಒಡೆಯ ಜಾನ್ ಕ್ಲೇಟನ್ ಅವರ ಕಾಲದಲ್ಲಿ, 1880ರ ದಶಕದಲ್ಲಿ ಅಗೆದು ತೆರೆದರು. ಶತಮಾನಗಳ ಕಾಲ ಮಣ್ಣು ಮುಚ್ಚಿಕೊಂಡಿದ್ದರಿಂದ ಅದರ ಗೋಡೆಗಳು ಕೆಲವೆಡೆ ಇಂದಿಗೂ ಆಳೆತ್ತರವನ್ನು ಮೀರಿ ನಿಂತಿವೆ. ಬಟ್ಟೆ ಬದಲಿಸುವ ಕೋಣೆಯ ಗೋಡೆಯಲ್ಲಿ ಸಾಲಾಗಿ ಏಳು ಕಮಾನು ಗೂಡುಗಳಿವೆ. ತಣ್ಣನೆಯ ಕೋಣೆ, ಬೆಚ್ಚನೆಯ ಕೋಣೆ, ಬಿಸಿ ಕೋಣೆಗಳ ನಡುವಿನ ಹೊಸ್ತಿಲುಗಳು ಕಾಲು ತಾಗಿ ತಾಗಿ ಸವೆದಿವೆ. ಆ ಸವೆದ ಹೊಸ್ತಿಲುಗಳೆಂದರೆ ನನಗೆ ಯಾವ ಶಾಸನಕ್ಕೂ ಕಡಿಮೆಯಲ್ಲ.

ಈಗ ಬೆಂಕಿಯ ವಿಚಾರ. ಇಲ್ಲಿ ಕಾಯಿಸುತ್ತಿದ್ದುದು ಹಂಡೆಯ ನೀರನ್ನು ಮಾತ್ರವಲ್ಲ, ಇಡೀ ಕೋಣೆಯನ್ನು. ಬಿಸಿ ಕೋಣೆಯ ನೆಲವನ್ನು ಗಿಡ್ಡ ಕಂಬಗಳ ಮೇಲೆ ಎತ್ತಿ ಕಟ್ಟುತ್ತಿದ್ದರು. ಗೋಡೆಯಾಚೆಯ ಒಲೆಗೆ ಸೌದೆ ಒಟ್ಟಿದರೆ ಬಿಸಿಗಾಳಿಯೂ ಹೊಗೆಯೂ ಕಂಬಗಳ ನಡುವೆ ಹರಿದು, ಗೋಡೆಗಳಿಗೆ ಹೊಂದಿಸಿದ ಟೊಳ್ಳು ಇಟ್ಟಿಗೆಗಳ ಮೂಲಕ ಮೇಲೇರಿ ಹೊರಹೋಗುತ್ತಿತ್ತು. ನೆಲ ಬರಿಗಾಲು ಸುಡುವಷ್ಟು ಕಾಯುತ್ತಿದ್ದುದರಿಂದ ಸೈನಿಕರು ಮರದ ಪಾದುಕೆ ಮೆಟ್ಟಿಕೊಳ್ಳುತ್ತಿದ್ದರು. ಅಂಥ ಪಾದುಕೆಗಳು ಅದೇ ಗಡಿಯ ವಿಂಡೊಲಾಂಡ ಕೋಟೆಯ ಹಸಿ ಮಣ್ಣಿನಲ್ಲಿ ಕೊಳೆಯದೆ ಉಳಿದಿವೆ.

ಇಂಥ ಒಲೆಯನ್ನು ಕೋಟೆಯೊಳಗೆ ಇಟ್ಟರೆ? ಅಲ್ಲಿ ಒತ್ತೊತ್ತಾಗಿ ಸೈನಿಕರ ವಸತಿ ಸಾಲುಗಳು, ತಿಂಗಳುಗಟ್ಟಲೆ ಬೇಕಾಗುವ ಧಾನ್ಯ ತುಂಬಿದ ಕಣಜ, ಚೆಸ್ಟರ್ಸ್‌ನಂಥಲ್ಲಿ ಕುದುರೆಗಳ ಒಣಹುಲ್ಲು. ಒಂದು ಕಿಡಿ ಸಾಕು. ಗಡಿಗೆ ದಕ್ಷಿಣದಲ್ಲಿರುವ ಬೋಸ್ ಎಂಬ ಊರಿನ ಕೋಟೆಯಲ್ಲಿ ಸಿಕ್ಕ ಶಾಸನ ಇದನ್ನು ನೇರವಾಗಿಯೇ ಹೇಳುತ್ತದೆ. ಕ್ರಿ.ಶ. 197ರ ಹೊತ್ತಿಗೆ ಬ್ರಿಟನ್ನಿಗೆ ಬಂದ ರಾಜ್ಯಪಾಲ ವಿರಿಯಸ್ ಲೂಪಸ್, ‘ಬೆಂಕಿಯ ರಭಸಕ್ಕೆ ಸುಟ್ಟುಹೋದ’ ಸ್ನಾನಗೃಹವನ್ನು ಥ್ರೇಸ್ ಪ್ರಾಂತ್ಯದ ಹೆಸರಿನ ಕಾಲಾಳು ಪಡೆಗಾಗಿ ಮತ್ತೆ ಕಟ್ಟಿಸಿದ್ದನ್ನು ಅದು ದಾಖಲಿಸುತ್ತದೆ. ಶಾಸನ ಅರ್ಪಿತವಾಗಿರುವುದು ಅದೃಷ್ಟದೇವತೆ ಫೋರ್ಟೂನಾಳಿಗೆ. ಬೆತ್ತಲೆಯಾಗಿ ಬೆಂಕಿಯ ಮೇಲೆ ಕೂರುವವರು ಆ ದೇವತೆಯನ್ನು ನೆನೆದದ್ದು ಸಹಜ.

ಜಾಗ, ನೀರುಗಳ ಲೆಕ್ಕವೂ ಇತ್ತು. ಚೆಸ್ಟರ್ಸ್ ಕೋಟೆಯ ಒಟ್ಟು ವಿಸ್ತೀರ್ಣ ಎರಡೂಕಾಲು ಹೆಕ್ಟೇರಿನ ಆಸುಪಾಸು. ವೇಲ್ಸ್‌ನ ಕಾರ್ಲಿಯನ್‌ನಲ್ಲಿ ಲೀಜನ್ ಎಂಬ ಸಾವಿರಾರು ಸೈನಿಕರ ಮುಖ್ಯ ದಳಕ್ಕೆ 20 ಹೆಕ್ಟೇರಿನ ದೊಡ್ಡ ಕೋಟೆ ಇದ್ದುದರಿಂದ ಅಲ್ಲಿ ಸ್ನಾನದ ಮನೆ ಒಳಗೇ ಬಂತು. ಸಣ್ಣ ಕೋಟೆಗೆ ಆ ಅನುಕೂಲವಿರಲಿಲ್ಲ. ಇಳಿಜಾರಿನಲ್ಲಿ ಕಟ್ಟಿದರೆ ಬಚ್ಚಲ ನೀರು ತಾನಾಗಿಯೇ ನದಿಗೆ ಇಳಿದುಹೋಗುತ್ತಿತ್ತು.

ಇನ್ನು ಶತ್ರುವಿನ ಭಯ. ಚೆಸ್ಟರ್ಸ್ ಸ್ನಾನದ ಮನೆ ಇರುವುದು ಹೇಡ್ರಿಯನ್ ಗೋಡೆಯ ದಕ್ಷಿಣಕ್ಕೆ, ಅಂದರೆ ರೋಮನ್ನರದೇ ಮಗ್ಗುಲಿಗೆ. ಕೋಟೆಯ ಹೊರಗೆ ಬಯಲಿರಲಿಲ್ಲ, ಊರಿತ್ತು: ವ್ಯಾಪಾರಿಗಳು, ಕುಶಲಕರ್ಮಿಗಳು, ಸೈನಿಕರ ಸಂಸಾರಗಳು. ಗಡಿ ಎಂದೊಡನೆ ನಾವು ಹಗಲಿರುಳು ಕತ್ತಿ ಹಿರಿದು ನಿಂತವರನ್ನು ಕಲ್ಪಿಸಿಕೊಳ್ಳುತ್ತೇವೆ. ವರ್ಷಗಟ್ಟಲೆ ಅಲ್ಲಿ ನಡೆದದ್ದು ಕಾವಲು, ದುರಸ್ತಿ, ಲೆಕ್ಕಪತ್ರ. ವಿಂಡೊಲಾಂಡದ ಮರದ ಹಲಗೆಯೊಂದರಲ್ಲಿ ಏಪ್ರಿಲ್ 25ರ ಕೆಲಸದ ಪಟ್ಟಿ ಇದೆ. ಕಾರ್ಯಾಗಾರಗಳಲ್ಲಿ 343 ಜನ, ಅವರಲ್ಲಿ 12 ಮಂದಿ ಚಮ್ಮಾರರು, ಸ್ನಾನದ ಮನೆಯ ಕೆಲಸಕ್ಕೆ 18 ಮಂದಿ ಕಟ್ಟುವವರು. ಹೇಡ್ರಿಯನ್ ಗೋಡೆ ಏಳುವ ಮೊದಲಿನ ಬರಹ ಇದು!

ಅದೇ ಗಡಿಯ ಕಾರ್ಲೈಲ್ ನಗರದ ಕ್ರಿಕೆಟ್ ಮೈದಾನದಲ್ಲಿ, ಈಡನ್ ನದಿಯ ಪಕ್ಕ, 2017ರಲ್ಲಿ ಇನ್ನೊಂದು ಸ್ನಾನದ ಮನೆ ಸಿಕ್ಕಿತು. ಅದರ ಚರಂಡಿಯಲ್ಲಿ ಹೆಂಗಸರ ಕೂದಲಿನ ಸೂಜಿಗಳು, ಗಾಜಿನ ಮಣಿಗಳು, ಮೂವತ್ತಕ್ಕೂ ಹೆಚ್ಚು ಕೆತ್ತನೆಯ ಉಂಗುರದ ಹರಳುಗಳು ದೊರೆತಿವೆ. ಹರಳನ್ನು ಕೂರಿಸಲು ಬಳಸಿದ ಅಂಟು ಬಿಸಿಗೂ ಹಬೆಗೂ ಸಡಿಲವಾಗಿ, ಹರಳು ಕಳಚಿ ನೀರಿನೊಡನೆ ಹರಿದುಹೋಗುತ್ತಿತ್ತು. ಅಂಟು ಬಿಡುವಷ್ಟು ಹೊತ್ತು ಅವರು ಬಿಸಿನೀರಿನಲ್ಲಿ ನಿಶ್ಚಿಂತರಾಗಿ ಕುಳಿತಿದ್ದರು, ಕೋಟೆಯ ಗೋಡೆಯ ಹೊರಗೇ.